ಇಲ್ಲದ ಪಾಸ್‌ವರ್ಡ್

ತುಂಗಭದ್ರೆಯ ದಡದಲ್ಲಿ ಮರುಳಯ್ಯನವರ ಆಶ್ರಮ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಶಿಷ್ಯ ಕೊಟ್ರೇಶ.

ಇಷ್ಟವಿಲ್ಲದ ಮದುವೆಯಿಂದ ತಪ್ಪಿಸಿಕೊಂಡು ಬಂದ ಹುಲಿಗೆಮ್ಮನನ್ನು ಗುರುಗಳು ದೂರದ ಊರಿಗೆ ಕಳಿಸಿದ್ದರು. ಅವಳ ಅಣ್ಣಂದಿರು ಹುಡುಕುತ್ತಿದ್ದರು. ವಿಳಾಸ ಕೊಟ್ರೇಶನ ಹಾರ್ಡ್ ಡಿಸ್ಕಿನಲ್ಲಿತ್ತು.

“ಇದಕ್ಕೆ ಎರಡು ಪಾಸ್‌ವರ್ಡ್, ಗುರುಗಳೇ. ಒಂದು ಹಾಕಿದರೆ ಭಜನೆಗಳು ಬರುತ್ತವೆ. ಇನ್ನೊಂದು ಹಾಕಿದರೆ ವಿಳಾಸ. ಆ ಇನ್ನೊಂದು ಇದೆ ಅಂತ ಯಾರೂ ತೋರಿಸಲಾರರು.”

“ಇಲ್ಲ ಅಂತ ತೋರಿಸಬಹುದೇ?”

ಕೊಟ್ರೇಶ ನಕ್ಕ. “ಅದನ್ನ ಯಾಕೆ ತೋರಿಸಬೇಕು?”



ಕೆಲವು ತಿಂಗಳಿಗೆ ಹುಲಿಗೆಮ್ಮ ಮತ್ತೆ ಊರು ಬದಲಿಸಿದಳು. ಎಲ್ಲಿಗೆ ಎಂದು ತಿಳಿಸಲಿಲ್ಲ. ಗುರುಗಳ ಮಾತಿನಂತೆ ಕೊಟ್ರೇಶ ವಿಳಾಸವಿದ್ದ ಗುಪ್ತ ಭಾಗವನ್ನು ಅದರ ಪಾಸ್‌ವರ್ಡ್ ಸಮೇತ ಅಳಿಸಿಹಾಕಿದ.

ಅದೇ ವಾರ ಅಣ್ಣಂದಿರು ಬಂದರು. ಗುರುಗಳು ಹೊಳೆಗೆ ಹೋಗಿದ್ದಾಗ ಕೊಟ್ರೇಶನನ್ನೂ ಡಿಸ್ಕನ್ನೂ ಜೀಪಿಗೆ ಹಾಕಿಕೊಂಡು ಹೋದರು.

ಅವನು ಪಾಸ್‌ವರ್ಡ್ ಹೇಳಿದ. ಭಜನೆಗಳು ಬಂದವು.

“ಇನ್ನೊಂದು ಹೇಳು,” ಎಂದ ಹಿರಿಯವನು. ಇಂಥ ಡಿಸ್ಕಿನ ಬಗ್ಗೆ ಅವನಿಗೆ ಗೊತ್ತಿತ್ತು.

“ಇನ್ನೊಂದು ಇಲ್ಲ. ದೇವರಾಣೆ.”

“ಇದ್ದಿದ್ದರೂ ನೀನು ಹೀಗೇ ಹೇಳ್ತಿದ್ದೆ.”

ಹಿರಿಯವನು ಕೈ ಎತ್ತಲಿಲ್ಲ, ಕೂಗಾಡಲಿಲ್ಲ. ಎದುರು ಕೂತು, ನಿದ್ದೆ ಮಾಡಲು ಬಿಡದೆ, ಅದನ್ನೇ ಮೆಲ್ಲಗೆ ಕೇಳುತ್ತ ಹೋದ.

ನಾಲ್ಕನೆಯ ದಿನ ಆಶ್ರಮದ ದಾರಿಯಲ್ಲಿ ಇಳಿಸಿದರು. ಡಿಸ್ಕನ್ನೂ ಕೈಗಿಟ್ಟರು.

“ನೆನಪಾದಾಗ ಹೇಳು. ಬರ್ತೀವಿ.”

ಮರುದಿನದಿಂದ ಕೊಟ್ರೇಶ ಊಟಕ್ಕೆ ಬರಲಿಲ್ಲ. ಗುರುಗಳು ಹೋಗಿ ನೋಡಿದರು. ಅವನು ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಪದ ಹಾಕುತ್ತಿದ್ದ. ತಾಯಿಯ ಹೆಸರು. ಹುಟ್ಟಿದ ಊರು. ಸತ್ತ ತಂಗಿಯ ಹೆಸರು.

“ಏನು ಹುಡುಕ್ತಿದ್ದೀ?”

“ಇನ್ನೊಂದನ್ನ.”

“ನೀನೇ ಅಳಿಸಿದೆಯಲ್ಲ?”

“ಅಳಿಸಿದ್ದು ನೆನಪಿದೆ, ಗುರುಗಳೇ. ಆದರೆ ಅದಲ್ಲದೆ ಮತ್ತೊಂದು ಮಾಡಿದ್ದೆನೇನೋ. ಮಾಡಿ ಮರೆತಿದ್ದರೆ? ಇನ್ನೊಂದು ಇದೆ ಅನ್ನೋದರಲ್ಲಿ ಆ ಮನುಷ್ಯನಿಗೆ ಒಂಚೂರೂ ಅನುಮಾನ ಇರಲಿಲ್ಲ.”

ಗುರುಗಳು ಡಿಸ್ಕ್ ಕಿತ್ತುಕೊಂಡು ಹೊಳೆಯ ತನಕ ನಡೆದರು. ಕೊಟ್ರೇಶ ಹಿಂದೆಯೇ ಓಡಿದ. ಅವರು ಅದನ್ನು ಮಡುವಿಗೆ ಎಸೆದರು. ನೀರು ಒಮ್ಮೆ ಕಲಕಿ ಸುಮ್ಮನಾಯಿತು.

ಕೊಟ್ರೇಶ ಬಹಳ ಹೊತ್ತು ಅಲ್ಲೇ ನೋಡುತ್ತ ನಿಂತ. ಅವನ ತುಟಿಗಳು ಮಾತ್ರ ಅಲುಗುತ್ತಲೇ ಇದ್ದವು, ಒಂದಾದ ಮೇಲೊಂದು ಪದ.

“ಮುಗೀತಲ್ಲ, ಗುರುಗಳೇ?”

ಗುರುಗಳು ಅವನ ಹಣೆಯ ಮೇಲೆ ಕೈಯಿಟ್ಟರು.

“ಡಿಸ್ಕ್ ಎಸೆದೆ. ನಿನ್ನನ್ನ ಎಲ್ಲಿಗೆ ಎಸೆಯಲಿ?”