ಒಂದು ಕರೆ, ಇಪ್ಪತ್ತು ಬಡಿತ

ಜೇನುಹುಳುವೊಂದರ ಎದೆಯೊಳಗೆ ರೆಕ್ಕೆ ಬಡಿಸುವ ಸ್ನಾಯುವಿತ್ತು, ಅದಕ್ಕೆ ಅಪ್ಪಣೆ ಕೊಡುವ ನರವಿತ್ತು. ಹುಳು ಕೆರೆ ದಾಟುತ್ತಿರುವಾಗ ನರ ಗದರಿತು: "ಏನಯ್ಯಾ, ನಾನು ಒಂದು ಸಲ ಕರೆದರೆ ನೀನು ಇಪ್ಪತ್ತು ಸಲ ಬಡಿಯುತ್ತೀಯಲ್ಲ! ಹೇಳಿದಷ್ಟೇ ಮಾಡಬೇಕು."

ಬುದ್ಧಿ ಕಲಿಸಲೆಂದು ಅದು ಕರೆಯುವುದನ್ನೇ ನಿಲ್ಲಿಸಿತು. ರೆಕ್ಕೆ ತಡವರಿಸಿ ನಿಂತಿತು. ಹುಳು ನೀರಿನತ್ತ ಉರುಳಿತು. ನರ ಕಂಗಾಲಾಗಿ ಕೂಗಿತು. ಸ್ನಾಯು ಆ ಒಂದೇ ಕೂಗಿಗೆ ಎದ್ದು ಹುಳುವನ್ನು ಮೇಲೆತ್ತಿತು.

"ನಿನಗೆ ನನ್ನ ಮೇಲೆ ಸಿಟ್ಟಿಲ್ಲವೇ?" ನರ ಮೆಲ್ಲಗೆ ಕೇಳಿತು.

"ಸಿಟ್ಟೇಕೆ ಸ್ವಾಮಿ? ನನ್ನನ್ನು ನಂಬಿದ್ದಕ್ಕೇ ತಾವು ಒಂದೇ ಸಲ ಕರೆಯುತ್ತೀರಿ ಅಂದುಕೊಂಡಿದ್ದೆ."

ಅಷ್ಟರಲ್ಲಿ ಮುಂದಿನ ಕರೆಯ ಹೊತ್ತಾಯಿತು. ನರ ತಲೆ ತಗ್ಗಿಸಿಕೊಂಡೇ ಒಂದು ಸಲ ಕರೆಯಿತು. ಸ್ನಾಯು ಎಂದಿನಂತೆ ಇಪ್ಪತ್ತು ಸಲ ಬಡಿಯಿತು.