ಹಲಸು ಕೂಸನ್ನು ಸೊಂಟಕ್ಕೆತ್ತಿಕೊಂಡದ್ದು

ಲೋಕ ಆಗಿನ್ನೂ ಎಳೆಯದು. ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ, ಗಾಳಿ ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿತ್ತು. ಮರಗಳೆಲ್ಲ ಕೊಂಬೆಯ ತುದಿಯಲ್ಲೇ ಹೂ ಬಿಟ್ಟು ತುದಿಯಲ್ಲೇ ಕಾಯಿ ಕಟ್ಟುತ್ತಿದ್ದವು. ಹಲಸೂ ಅಷ್ಟೇ. ನಂಬಲ್ವಾ? ಕೇಳು ಮತ್ತೆ.

ಬೆಟ್ಟದ ಬುಡದಲ್ಲಿ ಹೊನ್ನಾಜಮ್ಮನ ತೋಟ. ಮಾವು, ದಾಳಿಂಬೆ, ನುಗ್ಗೆ, ಮೂಲೆಯಲ್ಲೊಂದು ಹಲಸು. ಏಳು ವರ್ಷ ನೀರು ಹೊತ್ತು ಹಾಕಿದರೂ ಹಲಸು ಮಾತ್ರ ಕಾಯಿ ಕಟ್ಟಿರಲಿಲ್ಲ. ಆ ವರ್ಷ ತುದಿಕೊಂಬೆಯಲ್ಲಿ ಹೆಬ್ಬೆರಳುದ್ದದ ಒಂದು ಮಿಡಿ ಕಂಡಿತು. ದೃಷ್ಟಿಯಾದೀತೆಂದು ಹೊನ್ನಾಜಮ್ಮ ಯಾರಿಗೂ ಹೇಳಲಿಲ್ಲ.

ಚಳಿಯವ್ವನಿಗೆ ಆ ತೋಟವೇ ತವರು. ವರ್ಷಕ್ಕೊಮ್ಮೆ ಬಂದು, ಮೂರು ತಿಂಗಳಿದ್ದು, ಬೆಟ್ಟದಾಚೆ ಗಂಡನ ಮನೆಗೆ ಹೋಗುತ್ತಿದ್ದಳು. ತವರಿಂದ ಹೊರಟ ಮಗಳಿಗೆ ಮಡಿಲು ತುಂಬಬೇಕಲ್ಲ? ಅಕ್ಕಿ, ಬೆಲ್ಲ, ಕೊಬ್ಬರಿ ಸೆರಗಿಗೆ ಹಾಕಿಯೇ ಕಳಿಸುವುದು ಪದ್ಧತಿ. ಆ ವರ್ಷ ಹೊನ್ನಾಜಮ್ಮನಿಗೆ ಮಿಡಿಯದೇ ಯೋಚನೆ. ‘ಇವಳೊಮ್ಮೆ ಹೊರಟರೆ ಸಾಕಪ್ಪ’ ಎಂದು ಚಡಪಡಿಸುತ್ತಾ, ಹಣೆಗೆ ಕುಂಕುಮ ಇಟ್ಟವಳೇ ತೋಟದ ಬಾಗಿಲು ಹಾಕಿಬಿಟ್ಟಳು. ಮಡಿಲಕ್ಕಿ ಮೊರದಲ್ಲೇ ಉಳಿಯಿತು. ಬುದ್ಧಿ ಇರೋರು ಮಾಡೋ ಕೆಲಸವಾ ಅದು?

ಹದಿನೈದು ದಿನ ಚೆನ್ನಾಗಿ ಬಿಸಿಲು ಕಾಯಿತು. ಮಾವು ಮೈತುಂಬ ಹೂ ಬಿಟ್ಟಿತು. ಒಂದು ಸಂಜೆ ಗಾಳಿ ಏದುಸಿರು ಬಿಡುತ್ತಾ ಓಡಿಬಂತು.

“ಹೊನ್ನಾಜಮ್ಮ, ಚಳಿಯವ್ವ ಅರ್ಧ ದಾರಿಯಿಂದ ತಿರುಗವ್ಳೆ. ಬರಿ ಮಡಿಲಲ್ಲಿ ಗಂಡನ ಮನೆ ಹೊಸಲು ಹೆಂಗೆ ತುಳೀಲಿ ಅಂತ ಅಳ್ತಾ ಬತ್ತಾವ್ಳೆ. ಬೆಳಗಾಗೋದ್ರೊಳಗೆ ಇಲ್ಲಿರ್ತಾಳೆ.”

ಹೊನ್ನಾಜಮ್ಮ ಮೊರದತ್ತ ನೋಡಿದಳು. ತಪ್ಪು ತನ್ನದೇ. ಎದುರು ಹೋಗಿ ಕೊಟ್ಟುಬಿಡೋಣವೆಂದರೆ, ದಾರಿಯಲ್ಲಿ ಕೊಟ್ಟದ್ದು ಮಡಿಲಕ್ಕಿಯಲ್ಲ, ಭಿಕ್ಷೆ. ತವರಿನೊಳಗೆ ಕರೆದೇ ತುಂಬಬೇಕು. ಅವಳು ಬಂದಾಗ ಮರಗಳಿಗೆ ಚಳಿ ತಾಗದಿರಲೆಂದು ತರಗೆಲೆ ಗುಡ್ಡೆ ಹಾಕಿ ಬುಡದಲ್ಲೆಲ್ಲ ಹೊಗೆ ಎಬ್ಬಿಸಿದಳು. “ನನ್ನ ಮೈ ಆಗ್ಲೇ ಕೊರೀತಿದೆ ಕಣವ್ವ” ಎಂದಿತು ಹೊಳೆ.

“ಅಮ್ಮಾ, ನನ್ನ ಕೂಸು ತುದೀಲೈತೆ” ಎಂದು ಹಲಸು ನಡುಗಿತು.

“ಪೆದ್ದಿ, ಎಳೆಕೂಸನ್ನ ಯಾರಾದ್ರೂ ಹಂಗೆ ಗಾಳಿಗೆ ಹಿಡೀತಾರಾ? ಸೊಂಟಕ್ಕೆ ಎತ್ಕೊ. ಮೈಗೆ ಅವಚ್ಕೊ.”

ಹಲಸು ಮಿಡಿಯನ್ನು ತುದಿಯಿಂದ ಕೊಂಬೆಗೆ, ಕೊಂಬೆಯಿಂದ ಕಾಂಡಕ್ಕೆ ಮೆಲ್ಲಗೆ ಇಳಿಸಿಕೊಂಡಿತು. ಹೊನ್ನಾಜಮ್ಮ ತಾನು ಹೊದ್ದಿದ್ದ ಕಂಬಳಿಯನ್ನೇ ತೆಗೆದು ತಾಯಿಗೂ ಕೂಸಿಗೂ ಸೇರಿಸಿ ಸುತ್ತಿದಳು. ಉಳಿದ ಮರಗಳಿಗೆ ಸುತ್ತಲು ಅವಳ ಬಳಿ ಏನೂ ಇರಲಿಲ್ಲ.

ಕೋಳಿ ಕೂಗುವ ಹೊತ್ತಿಗೆ ಚಳಿಯವ್ವ ಬಂದಳು. ಕೇಡು ಮಾಡಲೆಂದು ಬಂದವಳಲ್ಲ ಪಾಪ. ಆದರೆ ಬಿಕ್ಕಿದಾಗಲೆಲ್ಲ ಅವಳ ಉಸಿರು ತಾಗಿ ಮಾವಿನ ಹೂ ಕರಕಲಾಯಿತು, ದಾಳಿಂಬೆ ಮೊಗ್ಗು ಉದುರಿತು, ನುಗ್ಗೆಯ ಚಿಗುರು ಬೇಯಿಸಿದ ಸೊಪ್ಪಿನಂತೆ ಜೋತುಬಿತ್ತು.

ಹೊನ್ನಾಜಮ್ಮ ಮೊರ ಹಿಡಿದು ನಿಂತಳು. “ತಪ್ಪಾಯ್ತು ಕಣವ್ವ. ಮನೆಮಗಳನ್ನ ಬರಿ ಮಡಿಲಲ್ಲಿ ಕಳಿಸ್ಬಿಟ್ಟೆ. ಸೆರಗು ಒಡ್ಡು.”

ಐದು ಹಿಡಿ ಅಕ್ಕಿ, ಅಚ್ಚುಬೆಲ್ಲ, ಕೊಬ್ಬರಿ ಗಿಟುಕು ಸೆರಗಿಗೆ ಬಿದ್ದವು. ಚಳಿಯವ್ವ ಕಣ್ಣೊರೆಸಿಕೊಂಡಳು. ಹೊರಡುವವಳು ಹಲಸಿನ ಹತ್ತಿರ ನಿಂತಳು.

“ಕಂಬಳಿಯೊಳಗೆ ಯಾರವ್ವ?” ಎನ್ನುತ್ತಾ ಅಂಚು ಸರಿಸಿ ಬಗ್ಗಿ ನೋಡಿದಳು.

“ಮುಟ್ಟಬೇಡ ಮಗಳೇ, ನಿನ್ನ ಕಾಲಿಗೆ ಬೀಳ್ತೀನಿ.”

ಚಳಿಯವ್ವ ಥಟ್ಟನೆ ಕೈ ಹಿಂದೆ ತೆಗೆದಳು. ಉಸಿರೂ ಬಿಗಿಹಿಡಿದಳು. ಆದರೂ ಒಂದು ಉಸಿರು ಆಗಲೇ ಒಳಗೆ ಹೊಕ್ಕಿತ್ತು. ಸೆರಗು ಅವಚಿಕೊಂಡು ಅವಳು ಸರಸರನೆ ಬೆಟ್ಟ ಹತ್ತಿಬಿಟ್ಟಳು.

ಹೊನ್ನಾಜಮ್ಮನಿಗೆ ಕಂಬಳಿ ಬಿಚ್ಚಲು ಧೈರ್ಯವೇ ಸಾಲದು. ಬಿಸಿಲು ಬಂದ ಮೇಲೆ ಮೆಲ್ಲಗೆ ಬಿಚ್ಚಿದಳು. ಕೂಸು ಬದುಕಿತ್ತು. ತಾಯಿ ಮೈಯ ಬಿಸಿ ಅದನ್ನು ಕಾಪಾಡಿತ್ತು. ಚಳಿಗೆ ಮಾತ್ರ ಮೈಯೆಲ್ಲ ಮುಳ್ಳೆದ್ದು ನಿಂತಿತ್ತು. ಹೊನ್ನಾಜಮ್ಮ ಅದನ್ನು ಸವರುತ್ತಾ ಅಲ್ಲೇ ಕೂತು ಅತ್ತಳು.

ಆ ವರ್ಷ ಮಾವು ಒಂದೇ ಒಂದು ಕಾಯಿ ಬಿಡಲಿಲ್ಲ. ಹಲಸು ಕೂಸುಗಳನ್ನು ಮತ್ತೆ ತುದಿಗೆ ಕಳಿಸಲಿಲ್ಲ. ಚಳಿ ಹೋಯಿತೆಂದು ಯಾರು ಎಷ್ಟು ಹೇಳಿದರೂ ಅದಕ್ಕೆ ನಂಬಿಕೆಯಿಲ್ಲ. ಬೇಕಾದರೆ ನಾಳೆ ಹಿತ್ತಿಲಿಗೆ ಹೋಗಿ ನೋಡು, ಕಾಯಿಯನ್ನು ಸೊಂಟಕ್ಕೆತ್ತಿಕೊಂಡೇ ನಿಂತಿರುತ್ತದೆ. ಕಾಯಿಯ ಮೈ ಮುಟ್ಟಿ ನೋಡು, ಅವತ್ತು ಎದ್ದ ಮುಳ್ಳು ಇನ್ನೂ ಇಳಿದಿಲ್ಲ.