ಅಪ್ಪನ ಅಚ್ಚು

ಪೆದ್ದ ಅಂದರೆ ಎಂಥ ಪೆದ್ದ ಅಂತೀರಿ! ಗುಂಡ್ಲುಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಸರ್ವಮಂಗಳಮ್ಮನ ಒಬ್ಬನೇ ಮಗ, ಗುರುಮಲ್ಲ. ಮುಖ ಥೇಟ್ ಅಪ್ಪನ ಅಚ್ಚು. ಬುದ್ಧಿ ಅಚ್ಚಾಗುವ ಹೊತ್ತಿಗೆ ಮಸಿ ಮುಗಿದಿತ್ತೋ ಏನೋ. ಆ ಅಪ್ಪ ತೀರಿಕೊಂಡು ವರ್ಷವಾಗಿತ್ತು. ಇದ್ದಾಗ ಊಟವಾದ ಮೇಲೆ ಹೆಂಡತಿಯ ಬಿಪಿ ಮಾತ್ರೆ ಅಂಗೈಯಲ್ಲಿಟ್ಟುಕೊಂಡು, ಅವಳು ನುಂಗುವವರೆಗೂ ನೀರಿನ ಲೋಟ ಹಿಡಿದು ನಿಲ್ಲುತ್ತಿದ್ದರು. ಈಗ ಅವಳಿಗೆ ಮಾತ್ರೆಯೇ ಬೇಡ. ತಲೆ ಸುತ್ತಿ ಬಿದ್ದರೂ ಮುಟ್ಟುತ್ತಿರಲಿಲ್ಲ.

ಅಂಗಡಿಗೆ ಮಾತ್ರೆ ಅಚ್ಚು ಹಾಕುವ ಮೆಷಿನ್ನು ಬಂತು. ಯಾರಿಗೆ ಎಷ್ಟು ಬೇಕೋ ಅಷ್ಟೇ ಮದ್ದನ್ನು, ತೋರಿಸಿದ ಆಕಾರದಲ್ಲಿ, ಪದರದ ಮೇಲೆ ಪದರ ಹುಯ್ದು ಕೊಡುತ್ತಿತ್ತು. ಮದ್ದು ಅಳೆದು ತುಂಬುವವಳು ತಾಯಿ, ಗುಂಡಿ ಒತ್ತುವವನು ಮಗ. ಚೀಟಿಯಲ್ಲಿ ಇದ್ದದ್ದನ್ನೇ ಅಚ್ಚು ಹಾಕು ಅಂದಳು. ಹಾಕಿದ. ಡಾಕ್ಟರ ಗೀಚು ಬರಹವೆಲ್ಲ ಸಹಿ ಸಮೇತ ಚಕ್ಕುಲಿಯ ಹಾಗೆ ಹೊರಗೆ ಬಂತು.

"ಚೀಟಿ ನೋಡಿದರೆ ಸಾಲದು ಕಣೋ, ಆಳು ನೋಡಿ ಮಾಡು" ಅಂತ ಬೈದಳು. ಸರಿ, ಪೈಲ್ವಾನ ಮಾದಪ್ಪ ಬಂದ. ಗುರುಮಲ್ಲ ಆಳು ನೋಡಿದ, ಮೇಲಿಂದ ಕೆಳಗೆ ನೋಡಿದ, ಇಡ್ಲಿ ಗಾತ್ರದ ಮಾತ್ರೆ ಮಾಡಿ ನುಂಗಿ ಅಂತ ಕೊಟ್ಟ. ತಾಯಿ ಓಡಿಬಂದು ಕಿತ್ತುಕೊಂಡಳು. ಆಳು ನೋಡಿದರೂ ಸಾಲದು, ಏನು ಬೇಕು ಅಂತ ಬಾಯಿಬಿಟ್ಟು ಕೇಳಬೇಕು, ಬೇಕು ಅಂದದ್ದನ್ನು ಕೊಡಬೇಕು, ನಿಮ್ಮಪ್ಪ ಹಾಗೇ ಮಾಡುತ್ತಿದ್ದರು ಅಂದಳು.

ಅವತ್ತು ಊಟವಾದ ಮೇಲೆ ಗುರುಮಲ್ಲ ಬಾಯಿಬಿಟ್ಟು ಕೇಳಿದ. "ನಿನಗೇನು ಬೇಕಮ್ಮ?"

"ನನಗೆ ನಿಮ್ಮಪ್ಪ ಬೇಕು ಕಣೋ. ಇನ್ನೇನೂ ಬೇಡ."

ಗೋಡೆಯ ಫೋಟೋ ಇಳಿಸಿಕೊಂಡು ಅಂಗಡಿಗೆ ಹೋದ. ತಾಯಿ ತನಗೆಂದು ತಿಂಗಳಿಗಾಗುವಷ್ಟು ಅಳೆದು ತುಂಬಿ, ನುಂಗಲಾರದೆ ಬಿಟ್ಟ ಬಿಪಿ ಮದ್ದು ಮೆಷಿನ್ನಿನಲ್ಲೇ ಇತ್ತು. ಫೋಟೋ ತೋರಿಸಿ ಗುಂಡಿ ಒತ್ತಿದ. ಮನೆಗೆ ಬಂದು ಒಂದು ಕೈಯಲ್ಲಿ ನೀರಿನ ಲೋಟ ಹಿಡಿದು ಇನ್ನೊಂದು ಅಂಗೈ ಚಾಚಿದ. ಅದರಲ್ಲಿ ಅವರೆಕಾಳಿನಷ್ಟು ಅಪ್ಪ, ಮೀಸೆ ಸಮೇತ.

ಬೈಯಲು ಬಾಯಿ ತೆರೆದವಳು ಮೀಸೆ ಕಂಡು ಅದನ್ನು ಕೈಗೆತ್ತಿಕೊಂಡಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಅದನ್ನು ನಾಲಿಗೆಯ ಮೇಲಿಟ್ಟುಕೊಂಡಳು. ನೀರು ಕುಡಿಯಲಿಲ್ಲ, ಇನ್ನಷ್ಟು ಹೊತ್ತು ಇರಲಿ ಅಂತ ಬಾಯಿ ಮುಚ್ಚಿ ಕೂತಳು. ಬಾಯೆಲ್ಲ ಕಹಿಯಾಯಿತು, ಕಣ್ಣಲ್ಲಿ ನೀರಿಳಿಯಿತು.

"ಕರಗಿ ಹೋದರಲ್ಲೋ" ಅಂದಳು.

ಗುರುಮಲ್ಲ ಜೇಬಿನಿಂದ ಡಬ್ಬಿ ತೆಗೆದು ಗಲಗಲ ಅಲ್ಲಾಡಿಸಿದ.

"ಅಳಬೇಡಮ್ಮ. ಇನ್ನೂ ಒಂದು ಡಬ್ಬಿ ಅಪ್ಪ ಇದ್ದಾರೆ. ದಿನಾ ಊಟ ಆದಮೇಲೆ ಒಂದೊಂದು."